ಕೈ ಇಟ್ಟು ನೋಡಬೇಕಾದ ಬಾಗಿಲು

ಮುಂಬೈ
21-2-1999

ಸೂರಕ್ಕನಿಗೆ ತಮ್ಮ ರಾಮಾಂಜನೇಯ ಮಾಡುವ ನಮಸ್ಕಾರ.

ಪೇಪರಿನಲ್ಲಿ ಸುದ್ದಿ ಬಂದು, ಬಿ.ಜಿ. ಕೆರೆಯ ಹೋಟೆಲಿನಲ್ಲಿ ಯಾರಾದರೂ ಅದನ್ನು ಓದಿ, ಹಟ್ಟಿಗೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿರುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನನಗೆ ಏನೂ ಆಗಿಲ್ಲ. ಮಾಲತಿ, ಮಗು ಚೆನ್ನಾಗಿದ್ದಾರೆ. ಯಾರೂ ಸತ್ತಿಲ್ಲ. ಇಷ್ಟನ್ನು ಮೊದಲು ಓಬಯ್ಯ ಮಾವನಿಗೆ ಓದಿ ಹೇಳು, ಆಮೇಲೆ ಮುಂದಕ್ಕೆ ಹೋಗು.

ಗುರುವಾರ ಬೆಳಗ್ಗೆ ಕಲ್ಕತ್ತೆಯ ವಿಮಾನ ನನ್ನ ಪಾಲಿಗೆ ಬಂದಿತ್ತು. ವಿಮಾನ ಹೊರಡುವ ಮುಂಚೆ ನಮ್ಮಂಥ ಟೆಕ್ನೀಷಿಯನ್ ಒಬ್ಬ ಅದರ ಸುತ್ತ ಬಂದು ಚಕ್ರ, ರೆಕ್ಕೆ, ಸಾಮಾನು ತುಂಬುವ ಬಾಗಿಲು ಎಲ್ಲವನ್ನೂ ನೋಡಿ ಪೈಲಟ್ಟಿಗೆ ಹೆಬ್ಬೆರಳು ಎತ್ತಿ ತೋರಿಸಬೇಕು. ಆ ಹೆಬ್ಬೆರಳು ಏಳದೆ ವಿಮಾನ ಕದಲುವುದಿಲ್ಲ. ಎಲ್ಲ ಸರಿಯಾಗಿತ್ತು. ತೋರಿಸಿದೆ.

ಓಡುವ ವಿಮಾನದ ಸದ್ದು ಹೇಗೆ ಏರಬೇಕು ಎಂಬುದು ನನಗೆ ವಾಯುಸೇನೆಯ ಹದಿನೈದು ವರ್ಷದಿಂದ ಗೊತ್ತು. ಅವತ್ತು ಅದು ಏರುತ್ತಾ ಏರುತ್ತಾ ಅರ್ಧದಲ್ಲಿ ಬೇರೆಯೇ ಆಯಿತು. ತಿರುಗಿ ನೋಡಿದರೆ ಚಕ್ರಗಳಿಂದ ಹೊಗೆ. ನಿಲ್ಲುವುದೋ ಇಲ್ಲವೋ ಎಂದು ನೋಡುತ್ತಾ ನಿಂತ ಆ ಹತ್ತು ಹದಿನೈದು ಸೆಕೆಂಡು ನನ್ನ ಆಯಸ್ಸಿನಲ್ಲಿ ಎಷ್ಟನ್ನು ತಿಂದಿತೋ ದೇವರಿಗೇ ಗೊತ್ತು. ರನ್‌ವೇ ಮುಗಿಯುವಲ್ಲಿ ಗೋಡೆ ಇದೆ, ಗೋಡೆಯ ಆಚೆ ಗುಡಿಸಲುಗಳಿವೆ. ವಿಮಾನ ಗೋಡೆಗೆ ಇಷ್ಟು ಈಚೆ ನಿಂತಿತು. ಎರಡು ಟೈರು ಒಡೆದಿದ್ದವು. ಒಳಗೆ ನೂರ ಹದಿನೆಂಟು ಜನ.

ಪೈಲಟ್ಟಿನ ಎದುರಿನ ಹಲಗೆಯಲ್ಲಿ ಒಂದು ಹಳದಿ ದೀಪ ಹತ್ತಿತ್ತಂತೆ, ಹಿಂದಿನ ಸಾಮಾನಿನ ಬಾಗಿಲು ಸರಿಯಾಗಿ ಕೂತಿಲ್ಲ ಎಂದು. ಆತ ಕೆಳಗಿಳಿದು ಬಂದಾಗ ಮುಖ ಸುಣ್ಣವಾಗಿತ್ತು. "ಇನ್ನೆರಡು ಸೆಕೆಂಡು ಕಳೆದಿದ್ದರೆ ನಿಲ್ಲಿಸೋ ಹಾಗೇ ಇರಲಿಲ್ಲ, ಹಾರಲೇಬೇಕಿತ್ತು" ಎಂದು ಯಾರಿಗೋ ಹಿಂದಿಯಲ್ಲಿ ಹೇಳುತ್ತಿದ್ದ. ಅರ್ಧಂಬರ್ಧ ಕೂತ ಬಾಗಿಲು ಆಕಾಶದಲ್ಲಿ ಏನಾಗುತ್ತಿತ್ತು ಎಂದು ನಿನಗೆ ನಾನು ಬರೆಯುವುದಿಲ್ಲ.

ಬಾಗಿಲು ಹಾಕಿದವನು ಈರೇಶ, ನಿನ್ನ ಗೆಳತಿ ಪಾತಮ್ಮನ ಮಗ. ಹೋದ ವರ್ಷ ನಿನ್ನ ಮಾತಿನ ಮೇಲೆ ನಾನೇ ಇಲ್ಲಿ ಸಾಮಾನು ತುಂಬುವ ಕೆಲಸಕ್ಕೆ ಸೇರಿಸಿದ್ದೆನಲ್ಲ, ಅವನೇ. ಅವನನ್ನೂ ನನ್ನನ್ನೂ ಕೂರಿಸಿ ಕೇಳಿದರು. ಬಾಗಿಲಿನ ಹಿಡಿಕೆಯನ್ನು ಕೈಯಿಂದ ಒತ್ತಿ ನೋಡಿದ್ದೆ, ಸರಿಯಾಗಿತ್ತು ಎಂದು ಬರೆದುಕೊಟ್ಟೆ. ನನ್ನ ಕಡೆಯಿಂದ ಎಲ್ಲ ಸರಿಯಾಗಿತ್ತು ಅಕ್ಕ. ನೀನು ಚಿಂತೆ ಮಾಡಬೇಡ.

ನಿನ್ನ ತಮ್ಮ,
ರಾಮಾಂಜಿ


ಮುತ್ತುಗದಹಟ್ಟಿ, ಅಂಚೆ ಬಿ.ಜಿ. ಕೆರೆ
3-3-1999

ತಮ್ಮ ರಾಮಾಂಜಿಗೆ ಅಕ್ಕ ಸೂರಮ್ಮನ ಆಶೀರ್ವಾದ. ಇಲ್ಲಿ ನಾವೂ ದನಗಳೂ ಉಸಿರಾಡಿಕೊಂಡಿದ್ದೇವೆ.

ಚಿಂತೆ ಮಾಡಬೇಡ ಎಂದು ಬರೆದರೆ ಚಿಂತೆ ಹೋಗುವುದಾಗಿದ್ದರೆ ನಾನು ಅಂಗನವಾಡಿ ಬಿಟ್ಟು ಅದನ್ನೇ ಬರೆದುಕೊಂಡು ಬದುಕುತ್ತಿದ್ದೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆ ಗೋಡೆಯ ಹತ್ತಿರ ಬಂದಾಗೆಲ್ಲ ಕಾಗದ ಕೆಳಗಿಟ್ಟೆ. ಆ ಗುಡಿಸಲುಗಳಲ್ಲಿ ಯಾರ ಮಕ್ಕಳು ಮಲಗಿದ್ದವೋ.

ನಮ್ಮ ಮನೆಯವರು, ನಿನ್ನ ಓಬಯ್ಯ ಮಾವ, ಪೂಜಾರಿಕೆ ಮುಗಿಸಿ ಬಂದವರು ಸುದ್ದಿ ಕೇಳಿ ಹಾಗೇ ತಿರುಗಿ ದೇವರ ಗುಡಿಸಲಿಗೆ ಹೋದರು. ಮಾರನೆಯ ದಿನ ದೇವರ ಹಸುಗಳ ಮೀಸಲು ಹಾಲು ಇಟ್ಟು ನಿನ್ನ ಹೆಸರಲ್ಲಿ ಪೂಜೆ ಮಾಡಿದೆವು. ಹಟ್ಟಿಯವರೆಲ್ಲ ಕೂಡಿದ್ದರು. ಹಟ್ಟಿಯ ಹಿರಿಯ ಪಾತಣ್ಣಜ್ಜ ಎದ್ದು ನಿಂತು, "ಹುಡುಗ ಕಟ್ಟಲೆ ಬಿಡಲಿಲ್ಲ, ದೇವರು ಅವನ ಕೈ ಬಿಡಲಿಲ್ಲ ನೋಡ್ರಪ್ಪ. ನೂರ ಹದಿನೆಂಟು ಜೀವ ಉಳಿದಿರೋದು ಇವನ ಒಬ್ಬನ ನೇಮದಿಂದ" ಎಂದ. ನನಗೆ ಅಳುವೇ ಬಂತು. ನೀನು ಸೇನೆಗೆ ಹೊರಟಾಗ ದೇವರ ಮುಂದೆ ನಿನ್ನ ಕೈ ಹಿಡಿದು ಆಣೆ ಹಾಕಿಸಿದವಳು ನಾನಲ್ಲವೆ? ನಮ್ಮ ಮ್ಯಾಸ ಕುಲದ ಹಟ್ಟಿಯೊಳಗೆ ಕೋಳಿ ಕಾಲಿಡಬಾರದು, ದಾರಿ ತಪ್ಪಿ ಬಂದರೂ ಗಂಜಲ ಚಿಮುಕಿಸಿ ಶುದ್ಧ ಮಾಡುತ್ತೇವೆ. ನೀನು ಎಷ್ಟು ದೂರ ಹೋದರೂ ಅದನ್ನು ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಅದು ಇರುವ ಕಡೆ ಕೈ ಚಾಚುವುದಿಲ್ಲ ಎಂದು ಆಣೆ. ಸೇನೆಯ ಊಟದ ಮನೆಯಲ್ಲಿ ಹದಿನೈದು ವರ್ಷ ಬೇಳೆ ತಿಂದು ಅದನ್ನು ಉಳಿಸಿಕೊಂಡೆ. ಅವ್ವ ಇದ್ದಿದ್ದರೆ ಹಟ್ಟಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಲ್ಲದ್ದಕ್ಕೆ ಆ ಕೆಲಸ ನಾನು ಮಾಡುತ್ತಿದ್ದೇನೆ.

ಒಂದು ಮಾತು ಕೇಳಲೇ? ಒಂದೇ ಕಾಗದದಲ್ಲಿ "ಸರಿಯಾಗಿತ್ತು" ಎಂದು ಮೂರು ಕಡೆ ಬರೆದಿದ್ದೀಯ. ಒಂದು ಸಲ ಬರೆದಿದ್ದರೂ ನಾನು ನಂಬುತ್ತಿದ್ದೆ.

ಅಕ್ಕ
ಸೂರಮ್ಮ


ಮುಂಬೈ
20-3-1999

ಅಕ್ಕ,

ಪೂಜೆ ಮಾಡಿಸಿದ್ದು ಸಂತೋಷ. ಆದರೆ ಆ ಕಟ್ಟಲೆಯ ಮಾತನ್ನು ಇನ್ನು ಯಾರ ಮುಂದೆಯೂ ಆಡಬೇಡ. ಪಾತಣ್ಣಜ್ಜನಿಗೂ ಹೇಳು. ಯಾಕೆ ಎಂದು ಕೇಳಬೇಡ.

ಕೆಲಸಕ್ಕೆ ಹೋಗುತ್ತಿದ್ದೇನೆ. ಪ್ರತಿ ವಿಮಾನಕ್ಕೂ ಹೆಬ್ಬೆರಳು ತೋರಿಸಿದ ಮೇಲೆ ಅಲ್ಲೇ ನಿಲ್ಲುತ್ತೇನೆ. ಅದು ಓಡಲು ಶುರುಮಾಡಿದರೆ ಚಕ್ರಗಳನ್ನೇ ನೋಡುತ್ತಿರುತ್ತೇನೆ. ಅವು ನೆಲ ಬಿಟ್ಟ ಮೇಲೂ ಅಲ್ಲಿಂದ ಕದಲುವುದಿಲ್ಲ. ಬಿಟ್ಟಿತಲ್ಲ, ಇನ್ನು ಏನಾದರೂ ಆದರೆ ಯಾರೂ ಹಿಡಿದು ನಿಲ್ಲಿಸಲಾರರು ಎಂದು ಇನ್ನೊಂದು ಹೆದರಿಕೆ ಹುಟ್ಟುತ್ತದೆ. ಮೊನ್ನೆ ಮಗು ಅಡುಗೆಮನೆಯಲ್ಲಿ ತಟ್ಟೆ ಬೀಳಿಸಿತು, ನಾನು ಕೂಗಿಕೊಂಡೆ. ಮಾಲತಿ ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾಳೆ. ಡಾಕ್ಟರು ಕೇಳಿದರೆ ಏನು ಹೇಳಲಿ?

ಈರೇಶನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ನಾನು ಒತ್ತಿ ನೋಡಿದ ಮೇಲೆ ಅವನು ಯಾವುದೋ ಉಳಿದ ಮೂಟೆ ತಳ್ಳಲು ಮತ್ತೆ ಬಾಗಿಲು ತೆಗೆದಿರಬೇಕು ಎಂದು ಆಫೀಸರು ಅಂದಾಜು ಮಾಡಿದ್ದಾರೆ. ತೆಗೆದಿಲ್ಲ ಎಂದು ಅವನು ಅಳುತ್ತಾನೆ. ಯಾರೂ ನಂಬುತ್ತಿಲ್ಲ. ಜೂನ್ ಮೊದಲಲ್ಲಿ ಕೊನೆಯ ವಿಚಾರಣೆ.

ರಾಮಾಂಜಿ


ಮುತ್ತುಗದಹಟ್ಟಿ
9-4-1999

ರಾಮಾಂಜಿ,

ನಿನ್ನೆ ಪಾತಮ್ಮ ಬಂದಿದ್ದಳು. ಪರಶುರಾಂಪುರದಿಂದ ಚಳ್ಳಕೆರೆಗೆ ಒಂದು ಬಸ್ಸು, ಅಲ್ಲಿಂದ ಬಿ.ಜಿ. ಕೆರೆಗೆ ಒಂದು, ಅಲ್ಲಿಂದ ಹಟ್ಟಿಗೆ ಏಪ್ರಿಲ್ ಬಿಸಿಲಲ್ಲಿ ನಡಿಗೆ. ಚಳ್ಳಕೆರೆಯಲ್ಲಿ ಅಂಗನವಾಡಿ ತರಬೇತಿಗೆ ಹೋದಾಗ ನನ್ನ ಪಕ್ಕದ ಚಾಪೆಯವಳು. ಇಪ್ಪತ್ತು ದಿನವೂ ನಗಿಸಿದವಳು. ಇವಳು ಆ ಪಾತಮ್ಮನೇ ಅಲ್ಲ ಎನ್ನುವ ಹಾಗೆ ಆಗಿದ್ದಾಳೆ.

ಬೇಲಿಯ ಹೊರಗೇ ನಿಂತು ಕರೆದಳು. ಒಳಗೆ ಬಾ ಎಂದರೆ, "ಬ್ಯಾಡ ಸೂರಮ್ಮ, ನಮ್ಮನೇಲಿ ಕೋಳಿ ಅವೆ, ಬೆಳಿಗ್ಗೆ ನುಚ್ಚು ಹಾಕಿ ಬಂದೀನಿ, ನಿಮ್ ದೇವರಿಗೆ ಆಗಲ್ಲ" ಎಂದಳು. ಇಷ್ಟು ಕಷ್ಟದಲ್ಲೂ ನಮ್ಮ ಕಟ್ಟಲೆ ಕಾಯುತ್ತಾಳೆ ಅವಳು. ಬೇವಿನ ಮರದ ಕೆಳಗೆ ಕೂತೆವು. ನೀರು ಕುಡಿದು ಹೇಳಿದಳು: "ನನ್ ಮಗ ಸುಳ್ಳು ಹೇಳೋನಲ್ಲ. ಬಾಗಿಲು ತಿರುಗಿ ತೆಗೆದಿಲ್ಲ ಅಂತಾನೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ ಆಗೈತೆ ಕಣವ್ವ. ನಿನ್ ತಮ್ಮ ಅಲ್ಲಿ ದೊಡ್ಡೋನು. ಅವ್ನು ಒಂದ್ ಮಾತು ಹೇಳಿದ್ರೆ ನನ್ ಮಗ ಉಳೀತಾನೆ. ಬರೀತೀಯಾ?" ಅಲ್ಲಿಂದಲೇ ನಮ್ಮ ದೇವರ ಗುಡಿಸಲಿನ ಕಡೆ ಕೈ ಮುಗಿದಳು. ಬರೆಯುತ್ತೇನೆ ಎಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಬರೆಯುತ್ತೀಯ ನೀನು. ಕಟ್ಟಲೆಯ ಮಾತು ಆಡಬೇಡ ಎನ್ನುತ್ತೀಯ, ಯಾಕೆಂದು ಕೇಳಬೇಡ ಎನ್ನುತ್ತೀಯ. ನಾನು ನಿನ್ನನ್ನು ಎತ್ತಿ ಆಡಿಸಿದವಳು. ಕೇಳುತ್ತಿದ್ದೇನೆ. ಆ ಬಾಗಿಲಿನ ಒಳಗೆ ಏನಿತ್ತು?

ಸೂರಮ್ಮ


ಮುಂಬೈ
25-4-1999

ಅಕ್ಕ,

ಕೋಳಿಮರಿಗಳಿದ್ದವು.

ಮೊಟ್ಟೆಯಿಂದ ಬಂದು ಒಂದೇ ದಿನವಾದ ಮರಿಗಳನ್ನು ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ವಿಮಾನದಲ್ಲಿ ಕಳಿಸುತ್ತಾರೆ. ವಾರಕ್ಕೆ ಎರಡು ಸಲ ಕಲ್ಕತ್ತೆಗೆ ಹೋಗುತ್ತವೆ. ಹಿಂದಿನ ಸಾಮಾನಿನ ಗೂಡು ಪೂರ್ತಿ ಅವೇ. ಚಿಂವ್ ಚಿಂವ್ ಸದ್ದು ಹೊರಗೂ ಕೇಳುತ್ತದೆ. ಬಾಗಿಲಿಗೆ, ಹಿಡಿಕೆಗೆ ಹಳದಿ ತುಪ್ಪುಳ ಅಂಟಿರುತ್ತದೆ, ಹಿಕ್ಕೆಯೂ.

ಆ ಹಿಡಿಕೆ ಒಂದು ಗುಳಿಯಲ್ಲಿ ಕೂರುತ್ತದೆ. ಕಣ್ಣಿಗೆ ಪೂರ್ತಿ ಕೂತ ಹಾಗೇ ಕಾಣುತ್ತದೆ. ಅಂಗೈ ಇಟ್ಟು ಒತ್ತಿದಾಗಲೇ ಕೂತಿದೆಯೋ ಇಲ್ಲವೋ ತಿಳಿಯುವುದು. ಅದಕ್ಕೇ ಹಾಕಿದವನು ಒಬ್ಬ, ಒತ್ತಿ ನೋಡುವವನು ಇನ್ನೊಬ್ಬ ಎಂದು ಇಟ್ಟಿದ್ದಾರೆ. ಹಾಕಿದವನ ಕೈ ತಪ್ಪಬಹುದು ಎಂದೇ ನಾನು ಇರುವುದು. ನಾನು ಒತ್ತಲಿಲ್ಲ ಅಕ್ಕ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ ಹೆಬ್ಬೆರಳು ಎತ್ತಿದೆ. ಅವತ್ತು ಒಂದು ದಿನ ಮಾತ್ರವಲ್ಲ. ಮರಿಗಳು ಬಂದ ದಿನವೆಲ್ಲ ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೆ. ಅಷ್ಟು ದಿನವೂ ಈರೇಶನೋ ಇನ್ನೊಬ್ಬನೋ ಸರಿಯಾಗಿ ಹಾಕಿದ್ದರು, ಅಷ್ಟೇ. ಎಷ್ಟು ಸಲ, ಎಷ್ಟು ಸಾವಿರ ಜನ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ.

ಇನ್ನೊಂದನ್ನು ಹೇಳಿಬಿಡುತ್ತೇನೆ. ವಿಮಾನ ನಿಂತ ಮೇಲೆ ನಾವೆಲ್ಲ ಓಡಿದೆವು. ಜನರನ್ನು ಇಳಿಸಿ ಆ ಬಾಗಿಲು ತೆಗೆದಾಗ ಪೆಟ್ಟಿಗೆಗಳು ಉರುಳಿ ಒಡೆದು ಮರಿಗಳೆಲ್ಲ ಟಾರಿನ ಮೇಲೆ ಬಿದ್ದವು. ಬಿಸಿಯಾದ ಚಕ್ರಗಳ ಕಡೆಗೆ ಓಡುತ್ತಿದ್ದವು. ಬೆಂಕಿ ಆರಿಸಲು ಬಂದವರೂ ಬಾಗಿ ಹೆಕ್ಕುತ್ತಿದ್ದರು. ಈರೇಶ ಅಂಗಿ ಬಿಚ್ಚಿ ಅದರಲ್ಲಿ ತುಂಬಿಕೊಳ್ಳುತ್ತಾ, "ಅಣ್ಣ, ನಿನ್ ಕಾಲತ್ರ ಒಂದೈತೆ, ಹಿಡ್ಕೊ" ಎಂದು ಕೂಗಿದ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವನು ನನ್ನ ಮುಖ ನೋಡಿದ. ಅವನಿಗೆ ಆಗಲೇ ತಿಳಿದಿರಬೇಕು. ಆದರೂ ವಿಚಾರಣೆಯಲ್ಲಿ ನನ್ನ ಹೆಸರು ಹೇಳಲಿಲ್ಲ. ಕೆಲಸ ಕೊಡಿಸಿದವನಲ್ಲವೆ ನಾನು.

ಈಗ ಹೇಳಿದರೆ ಕೆಲಸ ಹೋಗುತ್ತದೆ. ಅದು ಹೋಗಲಿ. ಯಾಕೆ ಮುಟ್ಟಲಿಲ್ಲ ಎಂದು ಕೇಳುತ್ತಾರೆ. ಏನು ಹೇಳಲಿ? ನಮ್ಮ ದೇವರ ಹೆಸರನ್ನು ಆ ಮೇಜಿನ ಮುಂದೆ ಹೇಗೆ ಎತ್ತಲಿ? ನಗುತ್ತಾರೆ. ನಾಳೆ ನಮ್ಮ ಕಡೆಯ ಇನ್ನೊಬ್ಬ ಕೆಲಸ ಕೇಳಿಕೊಂಡು ಹೋದರೆ ಬೆರಳು ತೋರಿಸುತ್ತಾರೆ. ಹೇಳದಿದ್ದರೆ ಪಾತಮ್ಮ. ಮಾಲತಿಗೂ ಹೇಳಿಲ್ಲ. ನೀನು ಏನು ಮಾಡು ಎನ್ನುತ್ತೀಯೋ ಅದನ್ನು ಮಾಡುತ್ತೇನೆ.

ರಾಮಾಂಜಿ


ಮುಂಬೈ
15-5-1999

ಅಕ್ಕ,

ಮೂರು ವಾರವಾಯಿತು. ದಿನವೂ ಅಂಚೆಯವನ ದಾರಿ ನೋಡುತ್ತಿದ್ದೇನೆ. ವಿಚಾರಣೆ ಜೂನ್ ಏಳಕ್ಕೆ. ಬೈದಾದರೂ ಬರೆ. ನೀನು ಸುಮ್ಮನಿರುವುದಕ್ಕಿಂತ ಆ ಗೋಡೆಯೇ ವಾಸಿ.

ರಾಮಾಂಜಿ


ಮುತ್ತುಗದಹಟ್ಟಿ, ಬೇಲಿಯ ಹೊರಗಿನಿಂದ
24-5-1999

ತಮ್ಮ ರಾಮಾಂಜಿಗೆ,

ತಡವಾಯಿತು. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ದೇವರ ಮೇಲೆ. ಅದೂ ಇಳಿದ ಮೇಲೆ ಉಳಿದದ್ದು ನಾನೊಬ್ಬಳೇ. ಆಣೆ ಹಾಕಿಸಿದವಳು ನಾನಲ್ಲವೆ? "ಅದು ಇರುವ ಕಡೆ ಕೈ ಚಾಚಬೇಡ" ಎನ್ನುವುದು ಹಿರಿಯರ ಮಾತೂ ಅಲ್ಲ. ಹದಿನೆಂಟರ ಹುಡುಗ ದೂರ ಹೋಗುತ್ತಾನಲ್ಲ ಎಂಬ ಭಯಕ್ಕೆ ಅವತ್ತು ನಾನೇ ಸೇರಿಸಿದ್ದು. ಹಿರಿಯರು ಹೇಳಿದ್ದು ತಿನ್ನಬೇಡ, ಸಾಕಬೇಡ, ಮುಟ್ಟಬೇಡ ಎಂದು ಅಷ್ಟೇ. ನಾನು ಒಂದು ಗೇಣು ಹೆಚ್ಚಿಗೆ ಎಳೆದೆ. ಆ ಒಂದು ಗೇಣಿನಲ್ಲಿ ನೂರ ಹದಿನೆಂಟು ಜನ ಸಾಯುತ್ತಿದ್ದರು. ಇದನ್ನು ತಿಳಿದ ಮೇಲೆ ಏನೆಂದು ಬರೆಯಲಿ ಹೇಳು.

ಹೋದ ಸೋಮವಾರ ಪರಶುರಾಂಪುರಕ್ಕೆ ಹೋದೆ. ನಾನು ಬರುವುದು ಕಂಡು ಪಾತಮ್ಮ ಅಂಗಳದ ಕೋಳಿಗಳನ್ನೆಲ್ಲ ಅಟ್ಟಿಕೊಂಡು ಹೋಗಿ ಬುಟ್ಟಿ ಕವುಚಿದಳು. "ಕುತ್ಕೊ ಸೂರಮ್ಮ, ಎಲ್ಲಾ ಮುಚ್ಚೀನಿ, ಒಂದೂ ಹೊರಗಿಲ್ಲ" ಎಂದು ಸೆರಗಿನಿಂದ ಕಟ್ಟೆ ಒರೆಸಿದಳು. ಅವಳ ಮಗನ ಅನ್ನ ಕಸಿದವನ ಅಕ್ಕನಿಗೆ ಕಟ್ಟೆ ಒರೆಸುತ್ತಿದ್ದಳು. ನಾನು ಕೂರಲಿಲ್ಲ. ಹೋಗಿ ಬುಟ್ಟಿ ಎತ್ತಿದೆ. ಅವಳು, "ಅಯ್ಯೋ ಏನ್ ಮಾಡ್ತೀಯೆ! ಬ್ಯಾಡ್ವೆ!" ಎಂದು ಓಡಿ ಬಂದಳು. ಅಷ್ಟರಲ್ಲಿ ಒಂದು ಮರಿಯನ್ನು ಕೈಯಲ್ಲಿ ಹಿಡಿದಿದ್ದೆ.

ಹೆದರಿಕೆ ಎಂದರೆ ಏನು ಎಂದು ನನಗೆ ಆಗ ತಿಳಿಯಿತು. ಕಣ್ಣು ಹೋಗುತ್ತದೆ ಎಂದುಕೊಂಡೆ. ನಿನ್ನ ಮಾವನ ಮುಖ, ನಮ್ಮ ದನಗಳು, ನಿನ್ನ ಮಗು ಎಲ್ಲ ಒಟ್ಟಿಗೆ ಬಂತು. ಮರಿ ಬಿಸಿಯಾಗಿತ್ತು, ಅದರ ಎದೆ ನನ್ನ ಅಂಗೈಗೆ ಹೊಡೆಯುತ್ತಿತ್ತು. ನನಗಿಂತ ಅದೇ ಹೆಚ್ಚು ಹೆದರಿತ್ತು. ಐವತ್ತು ಎಣಿಸುವವರೆಗೆ ಹಿಡಿದುಕೊಂಡೆ. ಆಮೇಲೆ ಕೆಳಗೆ ಬಿಟ್ಟೆ.

ಪಾತಮ್ಮನಿಗೆ ನಾನು ಏನೂ ಹೇಳಲಿಲ್ಲ. ಅದು ನೀನು ಹೇಳಬೇಕಾದ್ದು.

ಹಟ್ಟಿಗೆ ಬಂದು ಬೇಲಿಯ ಹೊರಗೇ ನಿಂತು ನಿನ್ನ ಮಾವನನ್ನು ಕರೆದು ಮರಿ ಮುಟ್ಟಿದ್ದನ್ನು ಹೇಳಿದೆ. ಅವರು ಹಿರಿಯರನ್ನು ಕೂಡಿಸಿದರು. ಪಾತಣ್ಣಜ್ಜ ಕೂಗಾಡಿದ. ಮೂರು ಅಮಾವಾಸ್ಯೆ ಕಳೆಯುವವರೆಗೆ ನಾನು ಹಟ್ಟಿಯೊಳಗೆ ಬರುವಂತಿಲ್ಲ, ಮೀಸಲು ಹಾಲು ಮುಟ್ಟುವಂತಿಲ್ಲ. ಹುಲ್ಲು ಒಟ್ಟುವ ಗುಡಿಸಲಿನಲ್ಲಿ ಇದ್ದೇನೆ. ಪಕ್ಕದ ಮನೆಯ ಕೆಂಚಕ್ಕ ಅಂಬಲಿ ತಂದು ದೂರದಲ್ಲಿ ಇಟ್ಟು ಹೋಗುತ್ತಾಳೆ. ಮೊದಲ ದಿನ ಒಂದು ಕರು ಹಾಲು ಕುಡಿಯಲಿಲ್ಲ ಎಂದು ಕೇಳಿ ನನ್ನ ಜೀವ ಹೋದ ಹಾಗಾಯಿತು. ಮಾರನೆಯ ದಿನ ಕುಡಿಯಿತು. ಇಲ್ಲಿ ಕೂತು ದಿನವೂ ಅದನ್ನೇ ವಿಚಾರಿಸುತ್ತೇನೆ.

ನೀನು ಮುಟ್ಟದೇ ಇದ್ದದ್ದು ತಪ್ಪಲ್ಲ ರಾಮಾಂಜಿ. ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ಕರೆಯಿರಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮುಟ್ಟದೆ, ಮುಟ್ಟಿದ್ದೇನೆ ಎಂದೆಯಲ್ಲ, ಅದು ತಪ್ಪು. ದೇವರ ಹೆಸರು ಹೇಗೆ ಎತ್ತಲಿ ಎಂದು ಕೇಳಿದ್ದೀಯ. ಬಡವರ ಮಗನ ಮೇಲೆ ಸುಳ್ಳು ಹೊರಿಸಿ ಅದರ ಹಿಂದೆ ದೇವರನ್ನು ಬಚ್ಚಿಡುವುದಕ್ಕಿಂತ ಮೇಜಿನ ಮುಂದೆ ಎತ್ತುವುದು ಮೇಲು. ನಗುವವರು ನಗಲಿ. ಹೋಗಿ ಹೇಳು.

ಅಕ್ಕ
ಸೂರಮ್ಮ


ಮುಂಬೈ
13-6-1999

ಅಕ್ಕ,

ಹೇಳಿದೆ.

ಹಿಂದಿನ ದಿನ ಮಾಲತಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು ಅತ್ತಳು, ಆಮೇಲೆ ನನ್ನ ಶರಟು ಇಸ್ತ್ರಿ ಮಾಡಿಟ್ಟಳು. ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಎದ್ದು ಓಡಿಹೋಗುತ್ತೇನೆ ಎನ್ನಿಸಿತು. ಒಳಗೆ ಮೂವರು ಆಫೀಸರು, ಆ ಪೈಲಟ್ಟು. ಒತ್ತಿ ನೋಡಲಿಲ್ಲ, ಬರೆದುಕೊಟ್ಟದ್ದು ಸುಳ್ಳು, ಈರೇಶ ಬಾಗಿಲು ಮತ್ತೆ ತೆಗೆಯಲಿಲ್ಲ ಎಂದೆ. ಯಾಕೆ ಒತ್ತಲಿಲ್ಲ ಎಂದರು. ನಮ್ಮ ಹಟ್ಟಿ, ನಮ್ಮ ಕಟ್ಟಲೆ, ನನ್ನ ಆಣೆ ಎಲ್ಲ ಹೇಳಿದೆ. ನನಗೆ ಬರುವ ಹಿಂದಿಯಲ್ಲಿ ಅದು ಬಹಳ ಸಣ್ಣದಾಗಿ ಕೇಳಿಸಿತು. ಒಬ್ಬರು ನಕ್ಕರು. ಪೈಲಟ್ ನಗಲಿಲ್ಲ. "ಆ ದೀಪ ಹತ್ತಿದಾಗ, ಕೆಳಗಿದ್ದವನು ನೋಡಿದ್ದಾನೆ, ದೀಪವೇ ಕೆಟ್ಟಿರಬೇಕು ಎಂದು ನನಗೆ ಒಂದು ಕ್ಷಣ ಅನ್ನಿಸಿತ್ತು. ನಿನ್ನ ಹೆಬ್ಬೆರಳನ್ನು ನಂಬಿ ಹಾರಿಬಿಡುತ್ತಿದ್ದೆ" ಎಂದ. ಅಕ್ಕ, ನಾಲ್ಕು ತಿಂಗಳಿಂದ ನಾನು ಏನೇನೋ ಕನಸು ಕಂಡಿದ್ದೆ. ಇದು ಮಾತ್ರ ಬಂದಿರಲಿಲ್ಲ. ಈಗ ದಿನವೂ ಬರುತ್ತದೆ.

ವಿಮಾನಕ್ಕೆ ಸಹಿ ಹಾಕುವ ಅಧಿಕಾರ ಕಿತ್ತುಕೊಂಡರು. ಒಂದು ವರ್ಷ ಸ್ಟೋರಿನಲ್ಲಿ ಬಿಡಿಭಾಗ ಎತ್ತಿಡುವ ಕೆಲಸ, ಆಮೇಲೆ ನೋಡೋಣ ಎಂದಿದ್ದಾರೆ. ಈರೇಶನಿಗೆ ಕೆಲಸ ವಾಪಸ್ಸು ಬಂತು. ಅವನು ನನ್ನನ್ನು ಮಾತಾಡಿಸುವುದಿಲ್ಲ. ಪಾತಮ್ಮನಿಗೆ ನಾನೇ ಕಾಗದ ಬರೆದು ಎಲ್ಲವನ್ನೂ ಹೇಳಿದ್ದೇನೆ. ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಮುಖ ನನಗಿಲ್ಲ.

ನನ್ನ ಜಾಗಕ್ಕೆ ಬಂದವನಿಗೆ ಒಂದೇ ಮಾತು ಹೇಳಿದೆ, ಕಣ್ಣನ್ನು ನಂಬಬೇಡ ಎಂದು. ಸ್ಟೋರಿಗೆ ಕಿಟಕಿ ಇಲ್ಲ. ಸದ್ದು ಮಾತ್ರ ಕೇಳುತ್ತದೆ. ಅದು ಏರುವಾಗಲೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು ನಿಲ್ಲುತ್ತೇನೆ.

ಇಪ್ಪತ್ತೊಂಬತ್ತಕ್ಕೆ ರಜೆ ಹಾಕಿದ್ದೇನೆ. ಬರುತ್ತೇನೆ. ಮಾವನಿಗೂ ಪಾತಣ್ಣಜ್ಜನಿಗೂ ಹೇಳು, ನನ್ನನ್ನು ಹಟ್ಟಿಯೊಳಗೆ ಕರೆಯುವುದು ಬೇಡ. ನೀನು ಒಂದು ಮರಿ ಮುಟ್ಟಿದ್ದಕ್ಕೆ ಮೂರು ಅಮಾವಾಸ್ಯೆಯಾದರೆ, ನಾನು ಮುಟ್ಟದೇ ಇದ್ದದ್ದಕ್ಕೆ ಎಷ್ಟಾಗಬೇಕೋ ಅವರೇ ಹೇಳಲಿ. ಆ ಹುಲ್ಲಿನ ಗುಡಿಸಲಿನಲ್ಲಿ ನನಗೂ ಸ್ವಲ್ಪ ಜಾಗ ಮಾಡಿಡು.

ನಿನ್ನ ತಮ್ಮ,
ರಾಮಾಂಜಿ